ಕಿಡಿಗೆ ಮೂರೇ ಬಾಯಿ

ಉಜ್ಮಾ ಹೆಡ್‌ಫೋನು ತೆಗೆದಿಟ್ಟು ಗಾಜಿನ ಕೋಣೆಯಿಂದ ಹೊರಗೆ ಬಂದಾಗ ಅವಳ ಚಹ ಇನ್ನೂ ಆರಿರಲಿಲ್ಲ.

"ಮುಗೀತು ಕಾಕಾ," ಅಂದಳು. "ಎರಡ ಸಲ ಹುಷಾರ್, ಒಂದ ಸಲ ಗರುಡಾ ಅಂತ ಒದರೂದು, ಆಮ್ಯಾಲ ಒಂದ ಉಸಿರು. ಉಸಿರು ಛಲೋ ಬಂತೋ ಇಲ್ಲೋ ಹೇಳ್ರಿ. ವಾರಗಟ್ಲೆ ತಾಲೀಮ ಮಾಡೇನಿ."

ಎಲ್ಲರೂ ನಕ್ಕರು. ಗುರುಶಿದ್ದಪ್ಪನೂ ನಕ್ಕ. ಆ ಎರಡು ಹುಷಾರ್, ಒಂದು ಗರುಡಾ, ಒಂದು ಉಸಿರು ಬರೆದವನು ಅವನೇ.

ಹುಬ್ಬಳ್ಳಿಯ ನವನಗರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಆ ಸ್ಟುಡಿಯೊ. ಕೆಳಗೆ ಗಿರಣಿ ತಿರುಗುವಷ್ಟು ಹೊತ್ತು ಮೇಲೆ ಧ್ವನಿ ಹಿಡಿಯುವ ಹಾಗಿಲ್ಲ. ಒಬ್ಬರ ಜೋಳ ಮುಗಿದು ಇನ್ನೊಬ್ಬರ ಗೋಧಿ ಬೀಳುವ ಸಂದಿನಲ್ಲಿ ಲಗುಬಗೆಯಿಂದ ಮಾತು ಮುಗಿಸಬೇಕು. ಅಲ್ಲಿ ತಯಾರಾಗುತ್ತಿದ್ದದ್ದು 'ಪಂಚಪಡೆ' ಎಂಬ ಮಕ್ಕಳ ಕಾರ್ಟೂನು ಧಾರಾವಾಹಿ. ಊರು ಕಾಯುವ ಐದು ಮಂದಿ ವೀರರು. ಗರುಡ ಹಾರುತ್ತಾನೆ, ಅವನೇ ನಾಯಕ. ಬಂಡೆ ಗುದ್ದುತ್ತಾನೆ. ಬುಗುರಿ ಓಡುತ್ತಾನೆ. ತಂತ್ರಿ ಯಂತ್ರಗಳನ್ನು ಪಳಗಿಸುತ್ತಾನೆ. ಐದನೆಯವಳು ಕಿಡಿ. ಓಡಿ ಬರುವ ರೈಲಾಗಲಿ ಉರುಳಿ ಬರುವ ಗುಡ್ಡವಾಗಲಿ, ಎರಡು ಕೈ ಒಡ್ಡಿ ನಿಂತಳೆಂದರೆ ನಿಲ್ಲಲೇಬೇಕು. ಅಂಗೈಯಿಂದ ಕಿಡಿಗಳು ಹಾರುತ್ತವೆ. ಐವರಲ್ಲಿ ಹೆಚ್ಚಿನ ಶಕ್ತಿ ಅವಳದೇ. ಅವಳು ರೈಲು ನಿಲ್ಲಿಸುತ್ತಾಳೆ, ಯಾಕೆ ನಿಲ್ಲಿಸಬೇಕಾಯಿತು ಎಂಬುದನ್ನು ಗರುಡ ಎರಡು ನಿಮಿಷ ಭಾಷಣ ಮಾಡಿ ಹೇಳುತ್ತಾನೆ. ಇಪ್ಪತ್ತೈದು ಕಂತು ಹೀಗೇ ನಡೆದಿತ್ತು.

ಗೋಡೆಯ ಮೇಲೆ ಐವರ ಬಾಯಿಯ ಚಿತ್ರಗಳ ಪಟ್ಟಿ ಅಂಟಿಸಿದ್ದರು. ಮೊದಲು ಧ್ವನಿ ಹಿಡಿದು, ಆಮೇಲೆ ಅಕ್ಷರಕ್ಕೆ ತಕ್ಕ ಬಾಯಿ ಕೂಡಿಸುವುದು ಅವರ ಪದ್ಧತಿ. ಗರುಡನಿಗೆ ಹನ್ನೊಂದು ಬಾಯಿ. ಬುಗುರಿಗೆ ಒಂಬತ್ತು. ತಂತ್ರಿಯ ಹೆಗಲ ಮೇಲಿನ ಗಿಳಿಗೆ ಆರು. ಕಿಡಿಗೆ ಮೂರು: ಮುಚ್ಚಿದ್ದು, ನಕ್ಕಿದ್ದು, ಚೀರಿದ್ದು.

ಅಂದು ಗುರುಶಿದ್ದಪ್ಪ ಆ ಪಟ್ಟಿಯ ಮುಂದೆ ನಿಂತುಬಿಟ್ಟ. ಚಿತ್ರ ಬಿಡಿಸುವ ಚಿನ್ಮಯೀ ಹಿಂದೆ ಬಂದು ನಿಂತಳು.

"ಈಕಿಗೆ ಮೂರ ಯಾಕವ್ವಾ?"

"ನೀವು ಬರದಷ್ಟ ನಾವು ತೆಗಿತೇವ್ರಿ ಸರ್. ಆಕಿ ಮಾತಾಡೂದಿಲ್ಲಲ್ರಿ, ಸುಮ್ನ ಬಾಯಿ ಯಾಕ ದಂಡ ಮಾಡೂದು?"

ಅವಳು ಕುಹಕವಾಡಿದ್ದಲ್ಲ. ಕೆಲಸದ ಮಾತು ಆಡಿದ್ದಳು. ಅದಕ್ಕೇ ಅದು ನಾಟಿತು.

ಅಷ್ಟರಲ್ಲಿ ಒಳಗಿನಿಂದ ಕಪಿಲ ಬಂದ. ಸ್ಟುಡಿಯೊ ಅವನದೇ, ನಿರ್ದೇಶನವೂ ಅವನದೇ. "ಸರ್, ಮುಂದಿನ ವರ್ಷಕ್ಕ ನಾಕ ಮಂದಿ ಸಾಕು ಅಂತ ತೀರ್ಮಾನ ಆತ್ರಿ. ಸಾಲಿ ಹುಡುಗೂರಿಗೆ ತೋರಿಸಿ ಕೇಳಿದ್ವಿ. ಗರುಡ ಏನ ಮಾಡ್ತಾನ ಅಂದ್ರ ಹತ್ತ ಮಾತ ಹೇಳ್ತಾವು. ಕಿಡಿ ಏನ ಮಾಡ್ತಾಳ ಅಂದ್ರ 'ಒದರ್ತಾಳ' ಅಂದ್ವು. ಕಡೀ ಕಂತಿನ್ಯಾಗ ಆಕಿನ್ನ ತಪಸ್ಸಿಗೆ ಅಂತ ಹಿಮಾಲಯಕ್ಕ ಕಳಿಸಿಬಿಡ್ರಿ. ಗರುಡಗ ಒಂದ ಛಲೋ ಬೀಳ್ಕೊಡೂ ಮಾತ ಬರೀರಿ. ನಿಮ್ಮ ಮಾತಿನ್ಯಾಗ ಕಿಚ್ಚ ಇರತೈತಿ."

ಉಜ್ಮಾ ಚಹದ ಲೋಟ ಕೆಳಗಿಟ್ಟಳು. ಹಳೇ ಹುಬ್ಬಳ್ಳಿಯ ಗಾಡಿ ಮೆಕ್ಯಾನಿಕ್ಕನ ಮಗಳು. ಇಪ್ಪತ್ಮೂರರ ಹುಡುಗಿ. ಹೆಣ್ಣುಮಗಳು ಮೈಕಿನ ಮುಂದೆ ದುಡಿಯುವುದೇನು ಎಂದು ಓಣಿಯವರು ಕೇಳಿದಾಗ, "ನನ್ನ ಮಗಳು ಕಾರ್ಟೂನಿನ್ಯಾಗ ರೈಲ ನಿಲ್ಲಸ್ತಾಳ" ಎಂದು ಅವಳ ಅಬ್ಬಾ ಎದೆಯುಬ್ಬಿಸಿ ಹೇಳುತ್ತಿದ್ದ. ಅವಳು ಯಾರ ಮುಖವನ್ನೂ ನೋಡದೆ ಬುರ್ಕಾ ಸರಿಪಡಿಸಿಕೊಂಡು, "ಹಂಗಾರ ಹಿಮಾಲಯಕ್ಕ ಹೋಗೂ ಮುಂದರ ಒಂದ ಪೂರಾ ವಾಕ್ಯ ಕೊಡ್ರಿ ಕಾಕಾ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲಾ ಇರೂವಂಥದ್ದು," ಅಂದು ಮೆಟ್ಟಿಲಿಳಿದು ಹೋದಳು.

ಗುರುಶಿದ್ದಪ್ಪನಿಗೆ ಈಗ ಅರವತ್ತೆರಡು. ಹಳೇ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಅಕ್ಷರ ಕಲಿತವನು. ಹಗಲು ಲಗ್ನಪತ್ರಿಕೆ, ಸಂಜೆ ಸಂಘಟನೆಯ ಕರಪತ್ರ. ಬೀದಿನಾಟಕ ಬರೆದ, ಹಲಗಿ ಬಾರಿಸಿದ, ಎರಡು ಸಲ ಜೇಲಿನ ಮುದ್ದೆಸಾರು ಉಂಡ. ಹಳಬರು ಈಗಲೂ 'ಹಲಗಿ ಗುರುಶಿದ್ದಪ್ಪ' ಅನ್ನುತ್ತಾರೆ. ಮೊಳೆಯ ಕಾಲ ಮುಗಿದ ಮೇಲೆ ಕರಡು ತಿದ್ದಿಕೊಂಡು ಹೊಟ್ಟೆ ಹೊರೆದ. ನಿವೃತ್ತನಾಗಿ ಕೂತಿದ್ದವನನ್ನು ಹುಡುಕಿಕೊಂಡು ಬಂದವನು ಕಪಿಲ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು 'ನಿಂತ ಲಾರಿ' ನಾಟಕ ನೋಡಿದ್ದನಂತೆ. "ಆ ನಾಟಕದಾಗಿನ ಭರಮಪ್ಪ ಅಂದ್ರ ನೀವ ಅಲ್ರಿ ಸರ್? ಖರೇನ ಲಾರಿಗೆ ಅಡ್ಡ ನಿಂತಾವರು?" ಎಂದು ಕೇಳಿದ್ದ.

ಗುರುಶಿದ್ದಪ್ಪ ನಕ್ಕು ಸುಮ್ಮನಾಗಿದ್ದ. ಅರ್ಧ ಹುಬ್ಬಳ್ಳಿ ಹಾಗೇ ನಂಬಿತ್ತು. ಮೂವತ್ತೇಳು ವರ್ಷ ಅವನು ಹಾಗೇ ನಕ್ಕು ಸುಮ್ಮನಾಗಿದ್ದ.

ನಡೆದದ್ದು ಬೇರೆ. ಆಗ ಊರ ಅಂಚಿಗೆ ಅರಳೆಯಿಂದ ಬೀಜ ಬಿಡಿಸುವ ಒಂದು ಜಿನ್ ಕಾರ್ಖಾನೆ ಇತ್ತು, ಈಗ ಅದರ ಹೆಸರು ಹೇಳುವವರೂ ಇಲ್ಲ. ಅಲ್ಲಿ ಹೆಣ್ಣಾಳಿಗೆ ಗಂಡಾಳಿನ ಅರ್ಧ ಕೂಲಿ. ಹದಿನೆಂಟು ದಿನದ ಮುಷ್ಕರ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಮಾಲೀಕರು ಅರಳೆಯ ಲಾರಿ ಹೊರಡಿಸಿದರು. ಗೇಟಿನ ಮುಂದೆ ಇನ್ನೂರು ಮಂದಿ ಗಂಡಸರು ಘೋಷಣೆ ಕೂಗುತ್ತಿದ್ದರು, ಗುರುಶಿದ್ದಪ್ಪ ಎಲ್ಲರ ಮುಂದೆ ಹಲಗಿ ಬಾರಿಸುತ್ತಿದ್ದ. ಡ್ರೈವರ್ ಎಂಜಿನ್ ಗುಡುಗಿಸಿದ. ಶಿರಗುಪ್ಪಿಯಿಂದ ದಿನಾ ಕೂಲಿಗೆ ಬರುತ್ತಿದ್ದ ಹುಲಿಗೆವ್ವ, ಇಪ್ಪತ್ತರ ಹುಡುಗಿ, ಸೆರಗು ಕಟ್ಟಿ ಹೋಗಿ ಗಾಲಿಯ ಮುಂದೆ ಕೂತಳು, ಎರಡು ಕೈ ಲಾರಿಯ ಬಂಪರಿಗೆ ಒಡ್ಡಿ. ಲಾರಿ ಒಂದು ಮಾರು ಮುಂದೆ ಬಂತು. ಇನ್ನೂರು ಮಂದಿ ಚೆಲ್ಲಾಪಿಲ್ಲಿಯಾದರು. ಗುರುಶಿದ್ದಪ್ಪ ಹಲಗಿ ಕಂಕುಳಲ್ಲಿ ಇರುಕಿಕೊಂಡು ಕಾಂಪೌಂಡಿನ ಗೋಡೆಯ ಹಿಂದೆ ಓಡಿದ. ಓಡುವಾಗ ಬಿದ್ದು ಮಂಡಿ ಒಡೆದುಕೊಂಡ. ಗೋಡೆಯ ಹಿಂದಿನಿಂದ ಅವನಿಗೆ ಕಂಡದ್ದು ಇಷ್ಟೇ: ಹುಲಿಗೆವ್ವನ ಬೆನ್ನು, ಏನೋ ಹೇಳುತ್ತಿದ್ದಂತೆ ಅಲುಗಿದ ಅವಳ ತಲೆ, ನಿಂತುಹೋದ ಲಾರಿ. ಎಂಜಿನ್ ಸದ್ದಿನಲ್ಲಿ ಮಾತು ಕೇಳಲಿಲ್ಲ. ಡ್ರೈವರ್ ಇಳಿದು ಬಂದ. ಆಮೇಲೆ ಎಲ್ಲರೂ ಗೋಡೆಯ ಹಿಂದಿನಿಂದ ಬಂದು ಜಯಕಾರ ಹಾಕಿದರು. ಹಲಗಿ ಮತ್ತೆ ಮೊಳಗಿತು.

ತಿಂಗಳೊಳಗೆ ಗುರುಶಿದ್ದಪ್ಪ ನಾಟಕ ಬರೆದ. ನಾಟಕದಲ್ಲಿ ಲಾರಿಗೆ ಅಡ್ಡ ನಿಂತವನು ಭರಮಪ್ಪ. ಭರಮಪ್ಪನಿಗೆ ಹೆದರಿಕೆ ಇರಲಿಲ್ಲ, ಹಸಿವೆ ಇರಲಿಲ್ಲ, ಮಂಡಿನೋವು ಇರಲಿಲ್ಲ. ಬರೀ ಬಾಯಿ ಇತ್ತು, ಎರಡು ಪುಟ ಭಾಷಣಕ್ಕೆ ಸಾಲುವಷ್ಟು. ಹುಲಿಗೆವ್ವನಿಗೆ ಕೊಟ್ಟದ್ದು ಭರಮಪ್ಪನ ಹೆಂಡತಿಯ ಪಾತ್ರ.

ಅಂದು ಸಂಜೆ ಮನೆಗೆ ಬಂದು ಗುರುಶಿದ್ದಪ್ಪ ಬೀಳ್ಕೊಡುಗೆಯ ಮಾತು ಬರೆಯಲು ಕೂತ. 'ಕಿಡಿ, ನೀನು ನಮ್ಮ' ಎಂದು ಬರೆದು ಹೊಡೆದುಹಾಕಿದ. ಆರು ಸಲ ಹಾಗೆ ಮಾಡಿದ. ಹೆಂಡತಿ ರುಕ್ಮವ್ವ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು.

"ಏನಾಗೇತ್ರಿ? ಹೊಟ್ಟಿ ನೋವೇನು?"

ಅವನು ಹೇಳಿದ. ಮೂರು ಬಾಯಿಯ ಮಾತನ್ನೂ ಹೇಳಿದ.

ರುಕ್ಮವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅದರಾಗೇನ ಹೊಸಾದೈತಿ? ನಿಮ್ಮ ಸಭಾಕ್ಕ ಹುಲಿಗೆವ್ವ ಬರ್ತಿದ್ಲು. ಮೊದಲ ಆಕಿ ಕಡೆ ಒಂದ ಹೋರಾಟದ ಹಾಡ ಹಾಡಸ್ತಿದ್ರಿ. ಹಾಡ ಮುಗದ ಕೂಡ್ಲೆ 'ಒಳಗ ರುಕ್ಮವ್ವ ಒಬ್ಬಾಕೇನ ಅದಾಳ' ಅಂತಿದ್ರಿ. ಆಕಿ ಎದ್ದ ಬಂದ ನನ್ನ ಕೂಡ ಚಾ ಸೋಸ್ತಿದ್ಲು. ನೀವು ಹೊರಗ ಸಮಾನತಾ ಚರ್ಚಾ ಮಾಡ್ತಿದ್ರಿ. ಬಾಗಲಾ ಹಾಕಿರತಿದ್ದಿಲ್ಲ, ನಮಗೆಲ್ಲಾ ಕೇಳಸ್ತಿತ್ತು."

"ಅವತ್ತ ಆಕಿ ಲಾರಿಯವಗ ಏನಂದ್ಲು ಅನ್ನೂದು ನಿನಗ ಗೊತ್ತೇನು?"

"ನಾ ಯಾಕ ಹೇಳ್ಲಿ? ಆಕಿನ್ನ ಕೇಳ್ರಿ. ಬಸ್ಸಿಗೆ ಹದಿನೆಂಟ ಕಿಲೋಮೀಟರ ಆಗಾಂಗಿಲ್ಲ. ಮೂವತ್ತೇಳ ವರ್ಷ ಹಿಡಿತೇನು ನಿಮಗ?"

ಮರುದಿನ ಅವನು ಶಿರಗುಪ್ಪಿಗೆ ಹೋದ. ಹುಲಿಗೆವ್ವ ಈಗ ಹುಬ್ಬಳ್ಳಿಯ ಖಾನಾವಳಿಗಳಿಗೆ ಕಡಕ್ ರೊಟ್ಟಿ ಬಡಿದು ಕಳಿಸುತ್ತಾಳೆ. ಹೊಸ್ತಿಲು ದಾಟುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವಳು ತಲೆಯೆತ್ತಿ ನೋಡಿದಳು. ಕೈ ನಿಲ್ಲಲಿಲ್ಲ.

"ಯಾರು, ಭರಮಪ್ಪನವರೇನು? ಬರ್ರಿ, ಬರ್ರಿ."

ಗುರುಶಿದ್ದಪ್ಪನಿಗೆ ಕೂಡಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕಡೆಗೆ ಜೋಳದ ಚೀಲದ ಮೇಲೆ ಕೂತ.

"ನನ್ನ ಮೊಮ್ಮಗಳು ಸೃಷ್ಟಿ ಫೋನಿನ್ಯಾಗ ನಿಮ್ಮ ಕಾರ್ಟೂನ ನೋಡ್ತಾಳ," ಅಂದಳು ಹುಲಿಗೆವ್ವ. "ಆ ಹುಡುಗಿ ಎರಡೂ ಕೈ ಒಡ್ಡಿ ನಿಲ್ಲೂದ ನೋಡಿದ ಕೂಡ್ಲೆ ಇದು ಯಾವನ ಕೆಲಸ ಅಂತ ಗೊತ್ತಾತು ನನಗ. ಆಮ್ಯಾಲ ಆಕಿ ಬಾಯಿ ಮುಚ್ಚಕೊಂಡ ಸರದ ನಿಂತ್ಲು. ಮತ್ತಷ್ಟ ಖಾತ್ರಿ ಆತು."

"ತಪ್ಪಾಗೇತಿ, ಹುಲಿಗೆವ್ವ."

"ಒಂದ ಅಲ್ಲೋ ಅಣ್ಣಾ. ನಿನ್ನ ನಾಟಕ ತಗೊಂಡ ನೂರಾ ಹದಿನೆಂಟ ಊರ ತಿರಗೇನಿ. ನೂರಾ ಹದಿನೆಂಟ ಸಲ ಸೆರಗ ಬಾಯಾಗ ಇಟಗೊಂಡ 'ಬ್ಯಾಡ್ರೀ, ಲಾರಿಗೆ ಅಡ್ಡ ಹೋಗಬ್ಯಾಡ್ರೀ' ಅಂತ ಅತ್ತೇನಿ. ನಾನ ನಿಲ್ಲಿಸಿದ ಲಾರಿಗೆ! ಮಂದಿ ಬಂದು, 'ಯವ್ವಾ, ಎಷ್ಟ ಛಂದ ಅತ್ತಿ' ಅಂತಿದ್ರು."

"ಅವಾಗ ಯಾಕ ಅನ್ನಲಿಲ್ಲ ನೀ?"

"ಅಂದಿದ್ದೆ. ಅದನ್ನ ಚರ್ಚಾಕ್ಕ ಇಡೂಣು ಅಂದ್ರಿ. ಚರ್ಚಾ ಆಗೂ ಹೊತ್ತಿಗೆ ನಾ ಚಾ ಸೋಸಾಕ ಹೋಗಿದ್ದೆ."

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು. ಗುರುಶಿದ್ದಪ್ಪ ಬಂದ ಕೆಲಸ ಹೇಳಿದ. ಕಿಡಿಯನ್ನು ತೆಗೆದುಹಾಕುವವರಿದ್ದಾರೆ, ಇರುವುದು ಒಂದೇ ಕಂತು. ಅದರಲ್ಲಿ ಅವಳ ಬಾಯಿಗೆ ಖರೇ ಮಾತು ಕೊಟ್ಟರೆ ಉಳಿದರೂ ಉಳಿದಾಳು. ಉಳಿಯದಿದ್ದರೂ ಮಾತಾಡಿ ಹೋದಂತಾಗುತ್ತದೆ. ಅವತ್ತು ಲಾರಿಯವನಿಗೆ ನೀನು ಅಂದದ್ದೇನು?

ಹುಲಿಗೆವ್ವ ರೊಟ್ಟಿ ತಿರುವಿ ಹಾಕಿದಳು.

"ನಿನಗ ಹೇಳಾಂಗಿಲ್ಲ," ಅಂದಳು. "ಸಿಟ್ಟಿಲೆ ಅಲ್ಲ. ನಿನಗ ಹೇಳಿದ್ರ ನೀ ಅದನ್ನ ತಿದ್ತಿ. ಅಲ್ಲೊಂದ ಕ್ರಾಂತಿ ಹಾಕ್ತಿ, ಇಲ್ಲೊಂದ ಕೆಂಪ ಸೂರ್ಯನ್ನ ಹಾಕ್ತಿ. ಆಮ್ಯಾಲ 'ಈ ಮಾತ ಗರುಡನ ಬಾಯಾಗ ಛಲೋ ಒಪ್ಪತೈತಿ' ಅಂತಿ. ಮಾತ ಆಡೂ ಹುಡುಗಿನ್ನ ಕರಕೊಂಡ ಬಾ. ಆಕಿಗೆ ಹೇಳ್ತೇನಿ. ನೀ ಹೊರಗ ಕೂಡ್ರು."

ಭಾನುವಾರ ಉಜ್ಮಾಳನ್ನು ಕರೆದುಕೊಂಡು ಬಂದ. ಬಸ್ಸಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ, ಗೋಡೆಯ ಹಿಂದೆ ಓಡಿದ್ದೊಂದನ್ನು ಬಿಟ್ಟು. ಅದು ಯಾರಿಗೂ ಗೊತ್ತಿಲ್ಲ ಎಂದು ಅವನ ನಂಬಿಕೆ. ಓಡಿದವರು ಇನ್ನೂರು ಮಂದಿ. ಯಾರೂ ಇನ್ನೊಬ್ಬರನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಹುಲಿಗೆವ್ವನ ಬೆನ್ನು ಈಚೆಗಿತ್ತು.

ಉಜ್ಮಾ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಗುರುಶಿದ್ದಪ್ಪ ಕಟ್ಟೆಯ ಮೇಲೆ ಕೂತ. ಸೃಷ್ಟಿ ಬಂದು ಅವನ ಮುಂದೆ ಒಂದು ಮೊರ ಶೇಂಗಾ ಇಟ್ಟು, "ಸುಮ್ನ ಕುಂತೀರಿ, ಒಡೀರಿ ಅಂತ ಆಯಿ ಹೇಳ್ಯಾಳ್ರಿ," ಅಂದು ಓಡಿದಳು. ಅವನು ಒಡೆದ. ಒಳಗೆ ಮಾತು ನಡೆದಿತ್ತು, ನಡುವೆ ಇಬ್ಬರೂ ಬಿದ್ದು ಬಿದ್ದು ನಕ್ಕರು, ಆಮೇಲೆ ದನಿ ತಗ್ಗಿತು. ಕಿವಿ ಕೊಟ್ಟರೂ ಏನೂ ತಿಳಿಯಲಿಲ್ಲ. ಒಳಗೆ ಮಾತು, ಹೊರಗೆ ಶೇಂಗಾ. ರುಕ್ಮವ್ವ ಎಷ್ಟು ವರ್ಷ ಹೀಗೆ ಕೂತಿರಬೇಕು ಎಂದು ಅನಿಸಿತು. ಇಲ್ಲ, ಅವಳಿಗೆ ಕೇಳಿಸುತ್ತಿತ್ತು, ಅದು ಇನ್ನೂ ಕೆಟ್ಟದ್ದು.

ಮರಳುವಾಗ ಉಜ್ಮಾ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಳು. ಎರಡು ರೊಟ್ಟಿಯ ಗಂಟು ಅವಳ ಮಡಿಲಲ್ಲಿತ್ತು.

"ಏನಂದ್ಲವ್ವಾ?"

"ನಿಮಗ ಹೇಳಬ್ಯಾಡ ಅಂದಾಳ್ರಿ ಕಾಕಾ. ಕೂಡಿ ಕೇಳ್ರಿ ಅಂದಾಳ, ಎಲ್ಲಾರ ಜೋಡಿ."

ಧ್ವನಿಮುದ್ರಣದ ದಿನ ಗುರುಶಿದ್ದಪ್ಪ ಕೊಟ್ಟ ಹಾಳೆ ನೋಡಿ ಕಪಿಲ ಹುಬ್ಬು ಗಂಟಿಕ್ಕಿದ. ದುಷ್ಟರ ಉಕ್ಕಿನ ಗಾಡಿ ಊರ ಮೇಲೆ ಬರುತ್ತದೆ, ಕಿಡಿ ಕೈ ಒಡ್ಡುತ್ತಾಳೆ, ಅಲ್ಲಿಂದ ಮುಂದೆ ಅರ್ಧ ಪುಟ ಖಾಲಿ.

"ಇದೇನ್ರಿ ಸರ್? ಗರುಡನ ಮಾತ ಎಲ್ಲಿ? ಹಿಮಾಲಯ ಎಲ್ಲಿ?"

"ಅಲ್ಲಿ ಉಜ್ಮಾ ಮಾತಾಡ್ತಾಳ. ಏನಂತ ನನಗೂ ಗೊತ್ತಿಲ್ಲ. ಒಂದ ಸಲ ಹಿಡೀರಿ. ಬ್ಯಾಡಾದ್ರ ಹಿಮಾಲಯ ಎಲ್ಲೀ ಹೋಗಾಂಗಿಲ್ಲ, ಅಲ್ಲೇ ಇರತೈತಿ."

ಕೆಳಗೆ ಗಿರಣಿ ನಿಂತಿತು. ಉಜ್ಮಾ ಗಾಜಿನ ಕೋಣೆಗೆ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಕೂತಳು. ಮೈಕು ಇಳಿಸಿರೆಂದು ಕೈ ಮಾಡಿದಳು. ಕಪಿಲ ಗೊಣಗುತ್ತ ಹೋಗಿ ಇಳಿಸಿ ಬಂದ. ಗುರುಶಿದ್ದಪ್ಪ ಕಿವಿಗೆ ಹೆಡ್‌ಫೋನು ಹಾಕಿಕೊಂಡ. ಉಜ್ಮಾ ಎರಡು ಕೈ ಮುಂದೆ ಒಡ್ಡಿದಳು. ಕೂಗಲಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದ ಹಾಗೆ ಆಡಿದಳು.

"ಅಣ್ಣಾ, ನನಗ ಹೆದರಿಕಿ ಆಗಾಕತ್ತೈತಿ. ನಿನಗೂ ಆಗಾಕತ್ತೈತಿ, ನಿನ್ನ ಕೈ ನಡಗೂದು ನನಗ ಇಲ್ಲಿಂದ ಕಾಣಸ್ತೈತಿ. ನನ್ನ ಹಿಂದ ಭಾಳ ಮಂದಿ ಅದಾರ ಅಂತ ತಿಳೀಬ್ಯಾಡ. ಯಾರೂ ಇಲ್ಲ. ಎಲ್ಲಾರೂ ಗ್ವಾಡಿ ಹಿಂದ ಹೋದ್ರು. ಹೊಳ್ಳಿ ನೋಡಿಲ್ಲ ನಾ, ಆದ್ರ ಹಲಗಿ ನಿಂತ್ತು, ಅದಕ್ಕ ಗೊತ್ತಾತು. ನಾ ಒಬ್ಬಾಕೇನ ಅದೇನಿ. ಮ್ಯಾಲ ಹಾಯಿಸಿದ್ರ ಒಬ್ಬಾಕೇನ ಸಾಯ್ತೇನಿ, ಭಾಳೇನ ಅಲ್ಲ. ಆದ್ರ ನೀ ಮನೀಗೆ ಹೋಗಿ ಉಣ್ಣಬೇಕಲ್ಲ? ಬಂದ್ ಮಾಡು. ಇಳದ ಬಾ. ನನ್ನ ಕಾಲ ಜೋಮ ಹಿಡದಾವು, ಏಳಾಕ ಬರವಲ್ದು. ಕೈ ಹಿಡದ ಎಬ್ಬಸು."

ಹಲಗಿ ನಿಂತದ್ದು ಅವಳಿಗೆ ಕೇಳಿಸಿತ್ತು. ಮೂವತ್ತೇಳು ವರ್ಷ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಹಲಗಿಯ ಹಿಂದೆ ನೂರಾ ಹದಿನೆಂಟು ಊರು ನಡೆದಿದ್ದಳು. ಗುರುಶಿದ್ದಪ್ಪ ಹೆಡ್‌ಫೋನು ತೆಗೆಯಲಿಲ್ಲ. ತೆಗೆದರೆ ಯಾರಾದರೂ ಮಾತಾಡಿಸಿಯಾರು ಎಂದು ಹಾಗೇ ಕೂತ.

ಕಪಿಲ ಧ್ವನಿಮುದ್ರಣ ನಿಲ್ಲಿಸುವುದನ್ನೇ ಮರೆತಿದ್ದ. ಆಮೇಲೆ ತಲೆ ಕೆರೆದುಕೊಂಡು, "ಇನ್ನ ಈಕಿನ್ನ ಹಿಮಾಲಯಕ್ಕ ಕಳಸೂದು ಹೆಂಗ್ರಿ?" ಅಂದ. "ಮುಂದಿನ ವರ್ಷ ಏನ ಮಾಡ್ತಾಳ ಅಂತ ಹುಡುಗೂರು ಕೇಳ್ತಾವು. ಇರ್ಲಿ ಬಿಡ್ರಿ. ಐದ ಮಂದಿ ಇರ್ಲಿ."

ಚಿನ್ಮಯೀ ಆಗಲೇ ಪೆನ್ಸಿಲು ಹಿಡಿದಿದ್ದಳು. "ಸರ್, ಈಕಿಗೆ ಕಡಿಮಿ ಅಂದ್ರೂ ಹದಿನೈದ ಬಾಯಿ ಬೇಕ್ರಿ. ಹೆದರಿದ್ದು, ಆದ್ರ ಮಾತಾಡೂದು, ಹಂಥಾದ್ದು ಗರುಡನ ಪಟ್ಟಿಯೊಳಗೂ ಇಲ್ಲ."

"ಅದ ಇರ್ಲಿ," ಅಂದ ಕಪಿಲ. "ಉಳದ ನಾಕ ಮಂದಿ ಆಕಿ ಹಿಂದ ಸೊಂಟದ ಮ್ಯಾಲ ಕೈ ಇಟ್ಟ ನಿಂತಾರ. ಯಾರೂ ಇಲ್ಲ ಅಂತಾಳ ಈಕಿ. ಅವರನ್ನ ಏನ ಮಾಡೂದು?"

"ಗ್ವಾಡಿ ಹಿಂದ ಹಾಕ್ರಿ," ಅಂದ ಗುರುಶಿದ್ದಪ್ಪ.

"ಹೀರೋಗಳು ಓಡಿ ಹೋಗೂದೇನ್ರಿ ಸರ್? ಯಾರ ನಂಬ್ತಾರ? ನೀವ ಹೇಳ್ರಿ, ಖರೇನ ಲಾರಿಗೆ ಅಡ್ಡ ನಿಂತಾವರು ನೀವು."

ಗುರುಶಿದ್ದಪ್ಪ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಈ ಸಲ ನಗಲಿಲ್ಲ.

"ನಿಂತಾಕಿ ಶಿರಗುಪ್ಪಿ ಹುಲಿಗೆವ್ವ. ಈಗ ಕೇಳಿದ್ಯಲ್ಲ, ಅದು ಆಕಿ ಮಾತು. ನಾ ಓಡಿದ್ದೆ. ಹಲಗಿ ನಂದು."

ಗಾಜಿನಾಚೆ ಉಜ್ಮಾ ನೆಲದಿಂದ ಏಳದೆ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಹೊಸ ಸುದ್ದಿಯೇನಾಗಿರಲಿಲ್ಲ. ಕಪಿಲ ಕುರ್ಚಿ ತಿರುಗಿಸಿಕೊಂಡು ಯಂತ್ರದ ಗುಂಡಿಗಳನ್ನು ನೋಡುತ್ತ ಕೂತ. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ ಭರಮಪ್ಪ ಅವನೊಳಗೆ ಎಲ್ಲೋ ಬಿದ್ದಿರಬೇಕು. ಅಂದಿನಿಂದ ಅವನು ಗುರುಶಿದ್ದಪ್ಪನನ್ನು ಸರ್ ಅನ್ನುವುದು ಬಿಟ್ಟು ಕಾಕಾ ಅನ್ನತೊಡಗಿದ. ಅದು ಏರಿಕೆಯೋ ಇಳಿಕೆಯೋ ಗುರುಶಿದ್ದಪ್ಪ ಕೇಳಲಿಲ್ಲ.

ಚಿನ್ಮಯೀ ಹೊಸ ಹಾಳೆ ಹಾಕಿ ಗೋಡೆ ಎಳೆದಳು. ಗೋಡೆಯ ಹಿಂದೆ ನಾಲ್ಕು ತಲೆ ಗುರುತು ಮಾಡಿದಳು.

"ಎಡಕ್ಕಿದ್ದಾಂವನ ಕಂಕಳಾಗ ಒಂದ ಹಲಗಿ ತೆಗಿಯವ್ವಾ," ಅಂದ ಗುರುಶಿದ್ದಪ್ಪ. "ಮಂಡಿ ಒಡದಿರ್ಲಿ. ಬಲಗಾಲಿಂದು."

"ಆಂವ ಮಾತಾಡ್ತಾನೇನ್ರಿ? ಬಾಯಿ ಹೆಂಗ ತೆಗೀಲಿ?"

"ಮುಚ್ಚಿದ್ದು ತೆಗಿ."

ಚಿನ್ಮಯೀ ಎದ್ದು ಹೋಗಿ ಕಿಡಿಯ ಪಟ್ಟಿಯಿಂದ ಮೊದಲನೆಯ ಬಾಯಿಯನ್ನು ಕಿತ್ತುಕೊಂಡು ಬಂದು, ಚಿತ್ರದ ಹಲಗಿಯವನ ಮುಖಕ್ಕೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು.